ಸತ್ಯಪ್ಪನ ಕೊಕ್ಕೆ, ಅಕ್ಕನ ಗಾಡಿ

ಗಣಪತಿ ಪೇಟೆ, ಸಾಂಗಲಿ
12 ಜೂನ್ 1995

ಅಲಕಾ ಅಕ್ಕಾ,

ಮದುವೆಯಲ್ಲಿ ನಾವಿಬ್ಬರೂ ಮಾತನಾಡಿದ್ದು ಒಟ್ಟು ಐದು ನಿಮಿಷ. ಅದರಲ್ಲಿ ಮೂರು ನಿಮಿಷ ನನ್ನ ಬಾಸಿಂಗದ ದಾರ ಬಿಗಿಯಾಗಿದೆ ಎಂದು ನೀವು ಸಡಿಲಿಸಿದ್ದರಲ್ಲೇ ಹೋಯಿತು. ನಿಮ್ಮ ತಮ್ಮನನ್ನು ಕಟ್ಟಿಕೊಂಡು ಇಪ್ಪತ್ತೊಂಬತ್ತು ದಿನವಾಯಿತು (ಎಣಿಸುತ್ತಿದ್ದೇನೆ!), ನೀವು ಭಿಲಾಯಿಗೆ ಹೋಗಿ ಇಪ್ಪತ್ತೇಳು. ಫೋನು ಮಾಡೋಣವೆಂದರೆ ಎಸ್‌ಟಿಡಿ ಬೂತಿನಲ್ಲಿ ಮೀಟರು ಓಡುವುದನ್ನು ನೋಡುತ್ತ ನನಗೆ ಮಾತೇ ಮರೆತುಹೋಗುತ್ತದೆ. ಅದಕ್ಕೆ ಪತ್ರ. ಬೆಳಗಾವಿಯ ಕಾನ್ವೆಂಟಿನಲ್ಲಿ ಕನ್ನಡಕ್ಕೆ ವಾರಕ್ಕೆ ಮೂರೇ ಪೀರಿಯಡ್ ಇದ್ದವು. ಒತ್ತಕ್ಷರ ತಪ್ಪಿದರೆ ನಗಬೇಡಿ, ಅಥವಾ ನಕ್ಕರೂ ಅಜಿತರಿಗೆ ಹೇಳಬೇಡಿ.

ಸುದ್ದಿ ಬಹಳ ಇದೆ. ಮಾರ್ಕೆಟ್ ಯಾರ್ಡಿನ ಹೊಸ ಅಂಗಡಿಗೆ ಫ್ಯಾಕ್ಸ್ ಮಷೀನು ಬಂತು. ದಸರೆ ಮುಗಿದ ಮೇಲೆ ಈ ಹಳೆಯ ಮನೆಯನ್ನೂ ಕೆಳಗಿನ ಅರಿಸಿನದ ಅಂಗಡಿಯನ್ನೂ ಕೆಡವುತ್ತಾರೆ. ನಾಲ್ಕು ಅಂತಸ್ತಿನ ಕಾಂಪ್ಲೆಕ್ಸ್ ಬರುತ್ತದಂತೆ, ಲಿಫ್ಟ್ ಸಮೇತ. ನಾವು ವಿಶ್ರಾಮಬಾಗಿನ ಫ್ಲ್ಯಾಟಿಗೆ. ಹಾಗಾಗಿ ಅಟ್ಟ ಖಾಲಿ ಮಾಡುವ ಕೆಲಸ ಹೊಸ ಸೊಸೆಯ ತಲೆಗೆ ಬಂದಿದೆ. ದಿನವೂ ಅರಿಸಿನದ ಧೂಳು ಕುಡಿದು ಕೆಳಗಿಳಿಯುತ್ತೇನೆ. ಕನ್ನಡಿಯಲ್ಲಿ ನೋಡಿದರೆ ನನಗೆ ಇನ್ನೊಮ್ಮೆ ಮದುವೆ ಮಾಡುತ್ತಿದ್ದಾರೇನೋ ಅನ್ನಿಸುತ್ತದೆ.

ನಿನ್ನೆ ಅಲ್ಲಿ ಏನು ಸಿಕ್ಕಿತು ಹೇಳಿ ನೋಡೋಣ? ಬೇರಿಂಗ್ ಗಾಡಿ! ನಾಲ್ಕು ಅಡಿಯ ಹಲಗೆ, ಹಿಂದೆ ಎರಡು ಬೇರಿಂಗ್, ಮುಂದೆ ಒಂದು, ತಿರುಗಿಸಲು ಹಗ್ಗ. ಬ್ರೇಕ್ ಇಲ್ಲ, ಬೆಲ್ ಇಲ್ಲ, ತಲೆಯೆತ್ತಿದ ಮೊಳೆಗಳು ಬೇಕಾದಷ್ಟಿವೆ. ನಾನು ಅಲ್ಲೇ ಕುಣಿದುಬಿಟ್ಟೆ. ನಮ್ಮ ಓಣಿಯಲ್ಲಿ ಇದೇ ಥರದ್ದು ಇತ್ತು. ಟಿಳಕವಾಡಿಯ ಇಳಿಜಾರಿನಲ್ಲಿ ನಾನು ಹಾಲಿನವನ ಸೈಕಲ್ಲಿಗೆ ಗುದ್ದಿ ಆರು ಲೀಟರ್ ಹಾಲು ಚೆಲ್ಲಿದ್ದೆ, ಗದ್ದಕ್ಕೆ ನಾಲ್ಕು ಹೊಲಿಗೆ. ಆ ಬೇರಿಂಗಿನ ಕರ್ರ್ ಸದ್ದು ಹಲ್ಲಿನೊಳಗೆ ನಡುಗುತ್ತದಲ್ಲ, ಅದರಷ್ಟು ಸುಖ ನಮ್ಮ ಕೈನೆಟಿಕ್ ಹೋಂಡಾದಲ್ಲೂ ಇಲ್ಲ. ಮೊನ್ನೆ ಮೀರಜದ ಹೊಸ ಅಂಗಡಿಯಲ್ಲಿ ಪ್ಲ್ಯಾಸ್ಟಿಕ್ಕಿನ ಕಾರು ನೋಡಿದೆ. ಮೂಲೆಯೆಲ್ಲ ದುಂಡಗೆ, ಬಿದ್ದರೂ ಏನೂ ಆಗುವುದಿಲ್ಲವಂತೆ. ಏನೂ ಆಗದಿದ್ದರೆ ಯಾಕೆ ಹತ್ತಬೇಕು?

ಅಜಿತರನ್ನು ಕೇಳಿದೆ. "ಅದಾ? ಅಕ್ಕಾ ಹನ್ನೊಂದ ವರ್ಷದಾಕಿ ಇದ್ದಾಗ ಮಾಡಿದ್ದು" ಎಂದು ಹೇಳಿ ಕ್ರಿಕೆಟ್ಟಿಗೆ ಮರಳಿದರು. ಹನ್ನೊಂದು ವರ್ಷದ ಹುಡುಗಿ ಗಾಡಿ ಮಾಡಿದ್ದಳೆಂದರೆ! ಪೂರ್ತಿ ಕಥೆ ಬೇಕು. ಯಾರು ಯಾರು ಬಿದ್ದಿರಿ, ಯಾರಿಗೆ ಎಷ್ಟು ಹೊಲಿಗೆ, ಎಲ್ಲ.

ಅರಿಸಿನ ಮೆತ್ತಿದ ಕೈಯಿಂದ,
ನಿಮ್ಮ ನೇತ್ರಾ


ಭಿಲಾಯಿ
30 ಜೂನ್ 1995

ನೇತ್ರಾ,

ಪತ್ರ ತಲುಪಿತು. ಅಕ್ಷರ ಚೆನ್ನಾಗಿದೆ. ಇಲ್ಲಿ ಸೆಕೆ ಇನ್ನೂ ಇಳಿದಿಲ್ಲ. ಇವರಿಗೆ ಪ್ಲ್ಯಾಂಟಿನಲ್ಲಿ ಶಿಫ್ಟ್ ಬದಲಾಗಿದೆ. ಸೋನಲ ಐದನೇ ಇಯತ್ತೆಗೆ ಹೋದಳು. ಸೈಕಲ್ ಬೇಕೆಂದು ಹಟ ಮಾಡುತ್ತಿದ್ದಾಳೆ, ನಾನು ಕೊಡಿಸಿಲ್ಲ.

ಅಟ್ಟದಲ್ಲಿ ಅವ್ವನ ಹಿತ್ತಾಳೆ ಸಾಮಾನು ಇದೆ, ಜೋಪಾನವಾಗಿ ಇಳಿಸು. ಗಾಡಿ ಹಳೆಯದು, ತುಕ್ಕು ಹಿಡಿದಿರುತ್ತದೆ. ರದ್ದಿಯವನಿಗೆ ಕೊಟ್ಟುಬಿಡು. ಹೇಳುವಂಥ ಕಥೆ ಏನಿಲ್ಲ.

ಅಪ್ಪನಿಗೆ ಸಕ್ಕರೆ ಕಡಿಮೆ ಹಾಕು.

ಅಲಕಾ


ಸಾಂಗಲಿ
14 ಜುಲೈ 1995

ಅಕ್ಕಾ,

ರದ್ದಿಯವನಿಗೆ? ನಿಮ್ಮ ವಿನಯಕ್ಕೂ ಒಂದು ಮಿತಿ ಬೇಕು!

ಈ ಮನೆಯಲ್ಲಿ ಆ ಗಾಡಿಗೆ ಎಂಥ ಮರ್ಯಾದೆ ಇದೆ ಎಂಬುದು ನನಗೆ ಗೊತ್ತಾಯಿತು. ಅತ್ತೆ ಹೇಳಿದರು. ಪ್ರತಿ ಖಂಡೇನವಮಿಗೆ, ಆಯುಧಪೂಜೆಯ ದಿನ, ಮಾವನವರೇ ಅದನ್ನು ಅಟ್ಟದಿಂದ ಇಳಿಸಿ ತೊಳೆದು, ಅಂಗಡಿಯಲ್ಲಿ ತಕ್ಕಡಿ, ತೂಕದ ಕಲ್ಲು, ಹಮಾಲರ ಮೂಟೆ ಎತ್ತುವ ಕೊಕ್ಕೆಗಳ ಸಾಲಿನಲ್ಲಿ ಇಟ್ಟು ಹೂವು ಏರಿಸುತ್ತಾರಂತೆ. ಪೂಜೆ ಆದ ಮೇಲೆ ಹಮಾಲರೆಲ್ಲ ಮಾವನವರ ಕೈಯಿಂದ ವೀಳ್ಯ ಇಸಕೊಂಡು ತಮ್ಮ ತಮ್ಮ ಕೊಕ್ಕೆ ಎತ್ತಿಕೊಳ್ಳುತ್ತಾರೆ. ಕೊನೆಗೆ ಈ ಗಾಡಿ ಮತ್ತು ಅದರ ಪಕ್ಕದಲ್ಲಿ ಒಂದು ಹಳೆಯ ಕೊಕ್ಕೆ ಉಳಿಯುತ್ತವೆ. ಎರಡನ್ನೂ ಮಾವನವರೇ ಮತ್ತೆ ಅಟ್ಟಕ್ಕೆ ಸೇರಿಸುತ್ತಾರೆ. "ಯಾಕ್ರಿ?" ಅಂತ ಕೇಳಿದರೆ ಅತ್ತೆ, "ಅವರ ಪದ್ಧತಿ. ನೀ ಕೇಳಾಕ ಹೋಗಬ್ಯಾಡ" ಎಂದರು. ನನಗೆ ಗೊತ್ತು ಯಾಕೆ ಅಂತ. ಮಗಳು ಸಣ್ಣಾಕಿ ಇದ್ದಾಗ ಮಾಡಿದ ಗಾಡಿ! ಹೇಳಿಕೊಳ್ಳಲು ನಾಚಿಕೆ, ಅಷ್ಟೆ. ನನಗೆ ಕಣ್ಣಲ್ಲಿ ನೀರು ಬಂತು.

ಹಾಗಾಗಿ ಒಂದು ಗುಟ್ಟು. ಹಳೆಯ ಅಂಗಡಿಯ ಕೊನೆಯ ಖಂಡೇನವಮಿ ಇದು. ಅಷ್ಟರಲ್ಲಿ ಗಾಡಿಯನ್ನು ಓಡುವ ಹಾಗೆ ಮಾಡಿಸಿ ಎಲ್ಲರನ್ನೂ ಬೆರಗುಗೊಳಿಸುತ್ತೇನೆ. ಹಳೆಯ ಬೇರಿಂಗ್ ಯಾರು ಕೂರಿಸುತ್ತಾರೆ ಎಂದು ಅರಿಸಿನ ಆರಿಸಲು ಬರುವ ಇಂದುಬಾಯಿಯನ್ನು ಕೇಳಿದೆ. "ಬುಧಗಾಂವದಾಗ ಸತ್ಯಪ್ಪ ಅಂತ ಅದಾನ, ಸೈಕಲ್ ರಿಪೇರಿ ಮಾಡ್ತಾನ. ಮೊದಲ ಪೇಟ್ಯಾಗ ಹಮಾಲ ಇದ್ದ" ಎಂದಳು. ಅತ್ತೆಗೆ ಗಣಪತಿ ಗುಡಿ ಎಂದು ಹೇಳಿ ಕೈನೆಟಿಕ್ ಮೇಲೆ ಗಾಡಿ ಕಟ್ಟಿಕೊಂಡು ಬುಧಗಾಂವಕ್ಕೆ ಹೋದೆ. ಬಸ್ಸಿನವರೆಲ್ಲ ನನ್ನನ್ನೇ ನೋಡಿದರು.

ಸತ್ಯಪ್ಪನಿಗೆ ಅರವತ್ತರ ಮೇಲಾಗಿದೆ. ಹಲಗೆಯನ್ನು ತಿರುವಿ ನೋಡಿ ಮೊಳೆಗಳ ಮೇಲೆ ಬೆರಳಾಡಿಸಿದ.

"ಇದು ಯಾರ ಮನೀದು?"

"ಗುರುಸಿದ್ಧಪ್ಪ ಸಾವಕಾರರ ಮನೀದು. ನಾ ಸೊಸಿ."

"ಅಜಿತಪ್ಪನ ಹೆಂಡ್ತಿ?" ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಂವಾ ಅಡ್ಡಾಡ್ತಾನೇನ ಚಲೋ?"

"ಅಡ್ಡಾಡೂದೇನು, ನನಗಿಂತ ಜೋರ ಓಡ್ತಾರ" ಎಂದೆ. ಅದಕ್ಕೆ ನಕ್ಕ. ಆಮೇಲೆ ಕೇಳಿದ: "ಎಡಗೈ ಅಕ್ಕಾರು ಹೆಂಗದಾರ?"

ನೀವು ಎಡಗೈಯವರಾ ಅಕ್ಕಾ! ನನ್ನ ಗಂಡ ಇದನ್ನೂ ಹೇಳಿಲ್ಲ.

ನೇತ್ರಾ


ಸಾಂಗಲಿ
9 ಆಗಸ್ಟ್ 1995

ಅಕ್ಕಾ,

ನಿಮ್ಮಿಂದ ಪತ್ರವಿಲ್ಲ. ಸಿಟ್ಟಾಗಿದ್ದೀರಾ, ಅಂಚೆಯವನು ಮಲಗಿದ್ದಾನಾ?

ಗಾಡಿ ತಯಾರಾಗುತ್ತಿದೆ. ಹಲಗೆ ಅದೇ, ಬೇರಿಂಗ್ ಹೊಸವು. ಸತ್ಯಪ್ಪ ತಾನೇ ತಂದು ನಮ್ಮ ಹಿತ್ತಿಲಲ್ಲಿ ಕೂರಿಸುತ್ತಾನೆ, ಮಧ್ಯಾಹ್ನ ಅತ್ತೆ ಮಲಗಿದಾಗ. ಒಳಗೆ ಬಾ ಎಂದರೆ ಬರುವುದಿಲ್ಲ, ಚಹಾ ಕೊಟ್ಟರೆ ಕಟ್ಟೆಯ ಮೇಲೆ ಕುಳಿತು ಕುಡಿಯುತ್ತಾನೆ. ಒಂದು ದಿನ ನೋಡಿದರೆ ಹಿಂದಿನ ಗಾಲಿಗೆ ಮರದ ತುಂಡು, ಸ್ಪ್ರಿಂಗ್, ಒಂದು ಕೋಲು.

"ಇದೇನ್ರಿ?"

"ಬ್ರೇಕ್."

"ಬೇರಿಂಗ್ ಗಾಡಿಗೆ ಬ್ರೇಕಾ? ಮಜಾ ಹೋತಲ್ರಿ!"

"ಮಜಾ ನಿಮಗ. ನನಗ ಇದು ಮಾಡಿದ ಮ್ಯಾಲ ನಿದ್ದಿ ಬರ್ತದ."

ರೊಕ್ಕ ಕೇಳಿದರೆ "ಕಡೀಗೆ ನೋಡೂಣು" ಎನ್ನುತ್ತಾನೆ. ನಾನು ಮೊನ್ನೆ ಹಿತ್ತಿಲಿನ ಇಳಿಜಾರಿನಲ್ಲಿ ಒಂದು ಸುತ್ತು ಹೊಡೆದೆ. ಸೀರೆ ಎತ್ತಿ ಕಟ್ಟಿಕೊಂಡು, ಇಪ್ಪತ್ತೆರಡು ವರ್ಷದ ಕತ್ತೆ! ಮೊಣಕಾಲು ತರಚಿತು. ಅತ್ತೆಗೆ ಬಚ್ಚಲಲ್ಲಿ ಜಾರಿದೆ ಎಂದೆ. ಮೂರು ದಿನ ನನಗೆ ಬಿಸಿ ಹಾಲು ಸಿಕ್ಕಿತು.

ಬೇಗ ಬರೆಯಿರಿ.

ತರಚಿದ ಮೊಣಕಾಲಿನ
ನೇತ್ರಾ


ಭಿಲಾಯಿ
21 ಆಗಸ್ಟ್ 1995

ನೇತ್ರಾ,

ಸತ್ಯಪ್ಪ ಕಾಕಾನ ಕೂದಲು ಬೆಳ್ಳಗಾಗಿದೆಯಾ? ಹೆಂಡತಿ ಇದ್ದಾಳಾ? ಮನೆ ಪಕ್ಕಾ ಇದೆಯಾ, ತಗಡಿನದಾ? ಅವನು ನನ್ನ ಬಗ್ಗೆ ಇನ್ನೇನು ಕೇಳಿದ? ಕೇಳಿದ ಮಾತು ಇದ್ದ ಹಾಗೇ ಬರೆ, ನಿನ್ನದು ಏನೂ ಸೇರಿಸಬೇಡ.

ಅವನು ಬರುತ್ತಿರುವುದು ಅವ್ವನಿಗೆ ಗೊತ್ತಾಗಬಾರದು. ಕಾರಣ ಕೇಳಬೇಡ.

ಅಲಕಾ


ಸಾಂಗಲಿ
6 ಸೆಪ್ಟೆಂಬರ್ 1995

ಅಲಕಾ ಅಕ್ಕನವರಿಗೆ,

ನಿಮ್ಮ ಪತ್ರ ತಲುಪಿದ ದಿನವೇ ಅತ್ತೆಗೆ ಗೊತ್ತಾಯಿತು. ಗಣಪತಿ ಹಬ್ಬದ ಕಡುಬಿಗೆ ನಿದ್ದೆ ಬಿಟ್ಟು ಎದ್ದಿದ್ದರು. ಹಿತ್ತಿಲಿಗೆ ಬಂದು ಅವನನ್ನು ನೋಡಿದರು. ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ.

"ಯಾವ ಮಾರಿ ತೊಗೊಂಡು ಬಂದ್ಯೊ? ನನ್ನ ಮಗನ್ನ ಕಟ್ಟಿ ಹಗೇವಿಗೆ ಒಗದಾಂವ ನೀ!"

ಅವನು ಸ್ಪ್ಯಾನರ್ ಕೆಳಗಿಟ್ಟ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಆಮೇಲೆ ಅತ್ತೆ ಎಲ್ಲ ಹೇಳಿದರು. 1971ರಲ್ಲಿ ಹರಿಪುರದಲ್ಲಿ, ನೆಲದೊಳಗೆ ಅರಿಸಿನ ತುಂಬಿಡುವ ಹಗೇವುಗಳ ಮಾಳದಲ್ಲಿ ಸತ್ಯಪ್ಪ ಕುಡಿದು, ತಮಾಷೆಗೆ ನಾಲ್ಕು ವರ್ಷದ ಅಜಿತರನ್ನು ಮೂಟೆ ಕಟ್ಟಿದ ಹಾಗೆ ಗಾಡಿಗೆ ಕಟ್ಟಿ ಇಳಿಜಾರಿನಲ್ಲಿ ಬಿಟ್ಟನಂತೆ. ಗಾಡಿ ಬಾಯಿ ತೆರೆದ ಹಗೇವಿಗೆ ಹೋಗಿ ಬಿತ್ತಂತೆ, ಕೊಕ್ಕೆ ಹಾಕಿ ಎಳೆಯಬೇಕಾಯಿತಂತೆ. ಮಾವನವರು ಅವನ ಕೊಕ್ಕೆ ಕಸಿದುಕೊಂಡು ಪೇಟೆಯಿಂದಲೇ ಓಡಿಸಿದರಂತೆ. ಗಾಡಿ ಇನ್ನೊಮ್ಮೆ ಯಾರನ್ನೂ ಮುಟ್ಟದಿರಲಿ ಎಂದು ಪೂಜೆಯಂತೆ. ಅಜಿತರ ತೊಡೆಯ ಮೇಲಿನ ಕಲೆ ಕೊಕ್ಕೆಯದು ಎಂದು ಈಗ ತಿಳಿಯಿತು. ನನಗೆ ಅವರು ನಾಯಿ ಕಚ್ಚಿದ್ದು ಎಂದು ಹೇಳಿದ್ದರು.

ನಾನು ಅವನಿಗೆ ನನ್ನ ಕೈಯಾರೆ ಹೋಳಿಗೆ ತಿನ್ನಿಸಿದ್ದೇನೆ. ಮರುದಿನ ಬುಧಗಾಂವಕ್ಕೆ ಹೋಗಿ, ಅವನ ಅಂಗಡಿಯ ಮುಂದೆ, ಜನರ ಎದುರೇ ಹೇಳಿದೆ: "ಇನ್ನ ನಮ್ಮ ಮನೀ ಕಡೆ ಬರಬ್ಯಾಡ್ರಿ. ಸಣ್ಣ ಹುಡುಗನ್ನ ಹಂಗ ಕಟ್ಟಾಕ ನಿಮಗ ಮನಸ್ಸರ ಹೆಂಗ ಬಂತು?" ಪಂಕ್ಚರ್ ಹಾಕಿಸಲು ಬಂದಿದ್ದ ಇಬ್ಬರು ಸೈಕಲ್ ತೆಗೆದುಕೊಂಡು ಎದ್ದು ಹೋದರು.

ನಿಮಗೆ ಇದೆಲ್ಲ ಗೊತ್ತಿತ್ತು. ರದ್ದಿಗೆ ಹಾಕು ಎಂದಿದ್ದು ಇದಕ್ಕೇ. ಒಂದು ಸಾಲು ಬರೆದಿದ್ದರೆ ನಾನು ಹೀಗೆ ಮೂರ್ಖಳಾಗುತ್ತಿರಲಿಲ್ಲ.

ನೇತ್ರಾ


ಭಿಲಾಯಿ
14 ಸೆಪ್ಟೆಂಬರ್ 1995

ನೇತ್ರಾ,

ನೀನು ಬುಧಗಾಂವದಲ್ಲಿ ಆಡಿದ ಮಾತು ನನಗೆ ಆಡಬೇಕಾಗಿದ್ದ ಮಾತು. ಅಜಿತನನ್ನು ಕಟ್ಟಿದವಳು ನಾನು.

ಆ ಬೇಸಿಗೆ ರಜೆಯಲ್ಲಿ ಅಪ್ಪ ದಿನವೂ ನಮ್ಮನ್ನು ಹರಿಪುರಕ್ಕೆ ಕರೆದೊಯ್ಯುತ್ತಿದ್ದ. ಅರಿಸಿನವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುವುದು ನೀನು ನೋಡಿಲ್ಲ. ಬಾಯಿ ಮೂರು ಅಡಿ ಅಗಲ, ಆಳ ಎರಡಾಳು. ತೆರೆದ ದಿನ ಒಳಗೆ ಕೆಟ್ಟ ಗಾಳಿ ಇರುತ್ತದೆ. ಕಂದೀಲು ಇಳಿಸಿ, ಅದು ಆರಲಿಲ್ಲವೆಂದು ನೋಡಿಯೇ ಹಮಾಲರು ಇಳಿಯಬೇಕು. ಅಲ್ಲಿಯವರೆಗೆ ಸತ್ಯಪ್ಪ ಕಾಕಾ ನನಗೆ ಮೂಟೆಯ ಗಂಟು ಕಲಿಸುತ್ತಿದ್ದ. ಜಗ್ಗಿದಷ್ಟೂ ಬಿಗಿಯುವ ಗಂಟು ಅದು. ಗಾಡಿಯ ಬೇರಿಂಗನ್ನೂ ಅವನೇ ತಂದುಕೊಟ್ಟಿದ್ದ.

ಅಜಿತ ಪ್ರತಿ ಸಲ ಬೀಳುತ್ತಿದ್ದ. ಬಿದ್ದರೆ ಅವ್ವ ನನಗೆ ಬಡಿಯುತ್ತಿದ್ದಳು. ಆದ್ದರಿಂದ ಬೀಳಬಾರದೆಂದು ಅವನನ್ನು ಹಲಗೆಗೆ ಕಟ್ಟಿದೆ. ಮೂಟೆಯ ಗಂಟು. ಆಮೇಲೆ ನೂಕಿದೆ. ದಾರಿಯಲ್ಲಿ ಒಂದು ಹಗೇವು ಬೆಳಿಗ್ಗೆಯೇ ತೆರೆದಿತ್ತು, ನಾನು ನೋಡಿರಲಿಲ್ಲ. ಗಾಡಿ ಬಾಯಿಗೆ ಅಡ್ಡ ಬಿದ್ದು ಮಗುಚಿತು. ಅಜಿತ ಹಲಗೆಯ ಕೆಳಗೆ ಒಳಮುಖವಾಗಿ ಜೋತಾಡುತ್ತಿದ್ದ. ಮೊದಲು ಅಳುತ್ತಿದ್ದ, ಆಮೇಲೆ ಅಳಲಿಲ್ಲ. ಸತ್ಯಪ್ಪ ಕಾಕಾ ಓಡಿ ಬಂದು ಕೊಕ್ಕೆ ಹಾಕಿ ಹಲಗೆ ಎಳೆದ. ಅವಸರದಲ್ಲಿ ಕೊಕ್ಕೆಯ ಮೊನೆ ತೊಡೆಗೆ ಹೋಯಿತು. ಗಂಟು ಬಿಚ್ಚಲಿಲ್ಲ, ಕುಡುಗೋಲಿನಿಂದ ಹಗ್ಗ ಕತ್ತರಿಸಿದ.

ಅವನು ಕುಡಿದಿರಲಿಲ್ಲ. ಅದನ್ನು ಯಾರು ಸೇರಿಸಿದರೋ ಗೊತ್ತಿಲ್ಲ. ಅಪ್ಪ ಬಂದು ಕೇಳಿದ: "ಯಾರು ಕಟ್ಟಿದ್ರು?" ನಾನು ಸತ್ಯಪ್ಪ ಎಂದೆ. ಕಾಕಾ ನನ್ನ ಮುಖ ನೋಡಿದ. ಅಲ್ಲ ಅನ್ನಲಿಲ್ಲ. ಸಾಂಗಲಿಗೆ ಮರಳಿದ ಮೇಲೆ ಪೇಟೆಯ ನಡುವೆ ಅಪ್ಪ ಅವನ ಹೆಗಲಿನಿಂದ ಕೊಕ್ಕೆ ಕಿತ್ತುಕೊಂಡ. ಕೊಕ್ಕೆ ಕಿತ್ತ ಹಮಾಲನಿಗೆ ಬೇರೆ ಯಾವ ಅಂಗಡಿಯೂ ಕೆಲಸ ಕೊಡುವುದಿಲ್ಲ.

ಮದುವೆಯಾಗುವವರೆಗೆ ಪ್ರತಿ ಖಂಡೇನವಮಿಗೆ ಆ ಗಾಡಿಗೂ ಆ ಕೊಕ್ಕೆಗೂ ಕುಂಕುಮ ಹಚ್ಚುವ ಕೆಲಸ ನನ್ನದಾಗಿತ್ತು. ಅದಕ್ಕೇ ನಾನು ದಸರೆಗೆ ತವರಿಗೆ ಬರುವುದಿಲ್ಲ. ಎರಡು ಸಲ ಟಿಕೆಟ್ ತೆಗೆಸಿ ರದ್ದು ಮಾಡಿದ್ದೇನೆ. ಈ ಸಲವೂ ಬರುವ ಧೈರ್ಯ ನನಗಿಲ್ಲ, ಸುಳ್ಳು ನೆಪ ಹೇಳುವುದಿಲ್ಲ. ಆದರೆ ಅವನು ಇನ್ನೊಮ್ಮೆ ನನ್ನ ತಪ್ಪಿಗೆ ಬೈಸಿಕೊಳ್ಳಬಾರದು. ಈ ಪತ್ರವನ್ನು ಅಪ್ಪ, ಅವ್ವ, ಅಜಿತ ಮೂವರನ್ನೂ ಕೂರಿಸಿ ಗಟ್ಟಿಯಾಗಿ ಓದು. ಯಾವ ಸಾಲನ್ನೂ ಬಿಡಬೇಡ.

ಅಲಕಾ


ಸಾಂಗಲಿ
4 ಅಕ್ಟೋಬರ್ 1995

ಅಕ್ಕಾ,

ನಿಮ್ಮ ಪತ್ರವನ್ನು ನಾಲ್ಕು ದಿನ ಕಪಾಟಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದೆ. ಮದುವೆಯಾಗಿ ನಾಲ್ಕು ತಿಂಗಳ ಸೊಸೆ ಇಂಥ ಪತ್ರ ಓದಿದರೆ ಏನಾಗುತ್ತದೋ ಎಂದು ಹೆದರಿದ್ದೆ. ಆಮೇಲೆ ಆ ಎದ್ದು ಹೋದ ಇಬ್ಬರು ಗಿರಾಕಿಗಳು ನೆನಪಾದರು. ಒಂದು ರವಿವಾರ ಊಟವಾದ ಮೇಲೆ ಓದಿದೆ. ಯಾವ ಸಾಲನ್ನೂ ಬಿಡಲಿಲ್ಲ.

ಅತ್ತೆ ಮೊದಲು "ಸುಳ್ಳ!" ಎಂದರು. ಮತ್ತೊಮ್ಮೆ ಓದು ಎಂದರು. ಆಮೇಲೆ ಒಳಗೆ ಹೋಗಿ ಪಾತ್ರೆ ತಿಕ್ಕಿದರು, ತಿಕ್ಕಿದ್ದನ್ನೇ ತಿಕ್ಕಿದರು. ಅಜಿತರು ತಮ್ಮ ತೊಡೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು. "ಇಪ್ಪತ್ನಾಲ್ಕು ವರ್ಷ ನಾ ಆ ಮನಷ್ಯಾನ್ನ ಬೈಕೊಂತ ಬಂದೇನಿ" ಎಂದರು. ನಿಮ್ಮ ಮೇಲೆ ಸಿಟ್ಟು ಇದೆಯಾ ಎಂದು ರಾತ್ರಿ ಕೇಳಿದೆ. "ಅಕ್ಕಗ ಹನ್ನೊಂದ ವರ್ಷ ಇತ್ತು. ಅಪ್ಪಗ?" ಎಂದರು.

ಯಾಕೆಂದರೆ ಅಕ್ಕಾ, ಮಾವನವರು ಹೇಳಿದ್ದು ಇದು. ಅವರ ಮಾತು ಇದ್ದ ಹಾಗೇ ಬರೆಯುತ್ತೇನೆ.

"ಹಗ್ಗದ ತುಂಡ ಅಲ್ಲೇ ಬಿದ್ದಿತ್ತು. ನಾ ಎತ್ತಿ ನೋಡೀನಿ. ಮೂಟಿ ಗಂಟಿನ ಬಾಲ ಬಲಕ್ಕ ಬರತೈತಿ. ಇದರದು ಎಡಕ್ಕ ಬಂದಿತ್ತು. ಹಮಾಲರಾಗ ಎಡಗೈಯಾಂವ ಒಬ್ಬನೂ ಇದ್ದಿದ್ದಿಲ್ಲ. ನನ್ನ ಮಗಳ ಕೈ ಅಂತ ನನಗ ಅವತ್ತ ಗೊತ್ತಾತು."

"ಗೊತ್ತಿದ್ದೂ ಓಡಿಸಿದ್ರಾ?" ಎಂದು ಅಜಿತರು ಕೇಳಿದರು.

"ತಮ್ಮನ್ನ ಹಗೇವಿಗೆ ಒಗದಾಕಿ ಅಂತ ಊರ ತುಂಬ ಆಗಿದ್ರ, ಆಕೀನ ಯಾರು ಮಾಡಿಕೊಳ್ಳತಿದ್ರು?"

ಅಂದರೆ ನೀವು ಅಪ್ಪನಿಂದ ಮುಚ್ಚಿಟ್ಟಿರಿ, ಅಪ್ಪ ನಿಮ್ಮಿಂದ ಮುಚ್ಚಿಟ್ಟರು. ಇಬ್ಬರೂ ಸೇರಿ ಆ ಕೊಕ್ಕೆಗೆ ಕುಂಕುಮ ಹಚ್ಚಿದಿರಿ. ನಾನು ಅದನ್ನು ಪ್ರೀತಿ ಎಂದು ನಿಮಗೇ ಬರೆದು ಕಳಿಸಿದೆ.

ಖಂಡೇನವಮಿಯ ಬೆಳಿಗ್ಗೆ ಮಾವನವರು ನನ್ನ ಕೈನೆಟಿಕ್ ಹಿಂದೆ ಕುಳಿತರು. ಎಪ್ಪತ್ತು ವರ್ಷ, ಧೋತರ, ಟೊಪಿಗಿ. ಕಾರು ಬೇಡ ಎಂದರು. ಬುಧಗಾಂವದಲ್ಲಿ ಸತ್ಯಪ್ಪ ಒಂದು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ನಾನು ಮೊದಲು ತಪ್ಪಾಯಿತು ಎಂದೆ. ಅವನು ತಲೆ ಆಡಿಸಿದ, ಅಷ್ಟೆ.

ಮಾವನವರು ನಿಂತೇ ಹೇಳಿದರು: "ಸತ್ಯಪ್ಪಾ, ಗಂಟ ಯಾರದು ಅಂತ ನನಗ ಗೊತ್ತಿತ್ತು."

"ನಿಮಗ ಗೊತ್ತಿತ್ತು ಅಂತ ನನಗೂ ಗೊತ್ತಿತ್ರಿ ಸಾವಕಾರ್ರ. ನೀವು ಹಗ್ಗ ಎತ್ತಿ ನೋಡೂದು ನೋಡಿದ್ನೆಲ್ರಿ."

"ಮತ್ತ ಯಾಕ ಸುಮ್ಮನಿದ್ದಿ?"

"ಆ ಕೂಸಿನ ಮಾರಿ ನೋಡಿ ಒಂದ ದಿನ ಸುಮ್ಮನಿದ್ದೆ. ನಾಳೆ ನೀವ ಕರಸ್ತೀರಿ ಅಂತ ತಿಳದಿದ್ದೆ."

ಮಾವನವರು ಟೊಪಿಗಿ ತೆಗೆದು ಕೈಯಲ್ಲಿ ಹಿಡಿದರು. ಅಂಗಡಿಗೆ ಬಾ, ಕೊಕ್ಕೆ ತೊಗೊ, ಕುಳಿತು ಮಾಡುವ ಕೆಲಸ ಕೊಡುತ್ತೇನೆ ಎಂದರು. ಸತ್ಯಪ್ಪ ಟ್ಯೂಬನ್ನು ಒರೆಸಿದ.

"ಕೆಲಸ ಬ್ಯಾಡ್ರಿ. ಹೆಗಲ ಹೋಗ್ಯಾವ. ಕೊಕ್ಕಿ ಕೊಡ್ರಿ. ಆದರ ಅಂಗಡಿ ಒಳಗ ಅಲ್ಲ. ಎಲ್ಲಿ ಕಸಗೊಂಡ್ರಿ, ಅಲ್ಲಿ ಕೊಡ್ರಿ. ಆಮ್ಯಾಲ ನನ್ನ ಜೋಡಿ ಪೇಟಿ ತುದೀ ತನಕ ನಡೀರಿ."

ಅಕ್ಕಾ, ಹಬ್ಬದ ದಿನ ಹನ್ನೊಂದು ಗಂಟೆಗೆ ಗಣಪತಿ ಪೇಟೆ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಎಲ್ಲ ಅಂಗಡಿಯ ಮುಂದೂ ಸಾವಕಾರರು, ಹಮಾಲರು, ಚೆಂಡು ಹೂವು. ನಡು ಬೀದಿಯಲ್ಲಿ ನಿಮ್ಮ ಅಪ್ಪ ಕೊಕ್ಕೆಯ ಮೇಲೆ ವೀಳ್ಯ ಇಟ್ಟು ಎರಡೂ ಕೈಯಿಂದ ಕೊಟ್ಟರು. "ನನ್ನ ಮಗನ್ನ ಉಳಿಸಿದಾಂವ ಇಂವಾ. ನಾ ಸುಳ್ಳ ಹೇಳಿದ್ದೆ" ಎಂದರು. ದನಿ ಸಣ್ಣಗಿತ್ತು. ಸತ್ಯಪ್ಪ "ಕೇಳಸಲಿಲ್ರಿ" ಎಂದ. ಮಾವನವರು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು.

ಸತ್ಯಪ್ಪ ಕೊಕ್ಕೆ ಹೆಗಲಿಗೆ ಹಾಕಿಕೊಂಡ. ಇಬ್ಬರೂ ಪೇಟೆಯ ತುದಿಯವರೆಗೆ ನಡೆದರು. ವಯಸ್ಸಾದ ಹಮಾಲರು ಕೆಲವರು ಎದ್ದು ನಿಂತರು. ಹೊಸಬರಿಗೆ ಏನೆಂದು ತಿಳಿಯಲಿಲ್ಲ. ತುದಿಯಲ್ಲಿ ಅವನು ಕೊಕ್ಕೆಯ ಸಮೇತ ಬುಧಗಾಂವದ ಬಸ್ಸು ಹತ್ತಿದ. ಮನೆಗೆ ಬಾ ಎಂದು ಅತ್ತೆ ಹೇಳಿ ಕಳಿಸಿದ್ದರು. ಬರಲಿಲ್ಲ.

ಬಸ್ಸು ಹತ್ತುವ ಮೊದಲು ನನಗೆ ಒಂದು ಮಾತು ಹೇಳಿದ. ನನ್ನದು ಏನೂ ಸೇರಿಸಿಲ್ಲ:

"ಎಡಗೈ ಅಕ್ಕಾರಿಗೆ ಬರೀರಿ. ಗಂಟ ಚಲೋ ಹಾಕಿದ್ರು. ಸಡಲ ಇದ್ದಿದ್ರ ಹುಡುಗ ಕೆಳಗ ಹೋಗ್ತಿದ್ದ, ನಾ ಬರೂ ತನಕ ಉಳೀತಿದ್ದಿಲ್ಲ. ಆ ಗಂಟ ಹಿಡದಿತ್ತು."

ಗಾಡಿ ಹಿತ್ತಿಲಲ್ಲಿದೆ. ನಾನು ಆಮೇಲೆ ಹತ್ತಿಲ್ಲ.

ನೇತ್ರಾ


ಭಿಲಾಯಿ
13 ಅಕ್ಟೋಬರ್ 1995

ನೇತ್ರಾ,

ಅವನ ಆ ಮಾತನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ದೀಪಾವಳಿಗೆ ಟಿಕೆಟ್ ತೆಗೆಸಿದ್ದೇನೆ. ನಾನು ಮತ್ತು ಸೋನಲ. ರದ್ದು ಮಾಡುವುದಿಲ್ಲ. ನೀನು ಮೀರಜ ಸ್ಟೇಷನ್ನಿಗೆ ಬಾ, ಬೇರೆ ಯಾರೂ ಬರುವುದು ಬೇಡ. ಅಲ್ಲಿಂದ ನೇರವಾಗಿ ಬುಧಗಾಂವಕ್ಕೆ ಹೋಗೋಣ, ಮನೆಗೆ ಆಮೇಲೆ. ಅಪ್ಪನಿಗೆ ಏನು ಹೇಳಬೇಕೆಂದು ನನಗಿನ್ನೂ ಗೊತ್ತಿಲ್ಲ. ಸತ್ಯಪ್ಪ ಕಾಕಾನಿಗೆ ಏನು ಹೇಳಬೇಕೆಂಬುದು ಗೊತ್ತಿದೆ.

ಸೋನಲ ನಿನ್ನ ಪತ್ರಗಳನ್ನು ಕದ್ದು ಓದಿದ್ದಾಳೆ. ಗಾಡಿ ಹತ್ತಬಹುದಾ ಎಂದು ಕೇಳಿದಳು. ಅದಕ್ಕೆ ಈಗ ಬ್ರೇಕ್ ಇದೆ ಎಂದೆ.

ಅಲಕಾ